ಅಮೆರಿಕದ ಆಸ್ಪತ್ರೆ ಕಳಿಸಿದ ಸರ್ವೆಗೆ ಕಮ್ಮಿ ಅಂಕ ಕೊಟ್ಟರೆ ಏನಾದರೂ ತೊಂದರೆಯಾ?

ನ್ಯೂಜೆರ್ಸಿಯಲ್ಲಿ ನಿಮ್ಮ ಜೊತೆ ಇರುವ ಮಾವನವರು ನ್ಯುಮೋನಿಯಾ ಆಗಿ ಅಡ್ಮಿಟ್ ಆಗಿದ್ದರು, ಮನೆಗೆ ಬಂದ ಮೇಲೆ ಸರ್ವೆ ಬಂದಿದೆ, ಇದರ ಮೇಲೆ ಆಸ್ಪತ್ರೆಗೆ ದುಡ್ಡು ಸಿಗುತ್ತದಂತೆ, ಕಮ್ಮಿ ಕೊಟ್ಟರೆ ನಾಳೆ ಮಾವನವರಿಗೆ ತೊಂದರೆ ಆಗಬಹುದಾ ಎಂದು ಕೇಳಿದ್ದೀರಿ. ನಾನು ಇಲ್ಲೇ ಒಂದು ಆಸ್ಪತ್ರೆಯ ವಾರ್ಡಿನಲ್ಲಿ ನರ್ಸ್. ನಮ್ಮ ಬ್ರೇಕ್ ರೂಮಿನ ಗೋಡೆಯ ಮೇಲೆ ಈ ಅಂಕಗಳನ್ನು ಅಂಟಿಸಿರುತ್ತಾರೆ, ಊಟ ಮಾಡುವಾಗ ಎದುರಿಗೇ ಕಾಣಬೇಕು ಅಂತ.

ತೊಂದರೆ ಏನೂ ಆಗುವುದಿಲ್ಲ. ನೀವು ಏನೇ ಟಿಕ್ ಮಾಡಿದರೂ ಮಾವನವರ ಬಿಲ್ ಒಂದು ಡಾಲರ್ ಹೆಚ್ಚೂ ಆಗಲ್ಲ, ಕಮ್ಮಿಯೂ ಆಗಲ್ಲ. ಜನರಿಗೆ ಕಾಣುವ ಹಾಗೆ ಹಾಕುವುದು ಆಸ್ಪತ್ರೆಯ ಒಟ್ಟು ಅಂಕ ಮಾತ್ರ, ಯಾರ ಹೆಸರೂ ಅಲ್ಲ.

ದುಡ್ಡಿನ ಮಾತು ಮಾತ್ರ ನಿಜ. ಈ ಸರ್ವೆಗೆ ನಾವು ಎಚ್‌ಕ್ಯಾಪ್ಸ್ ಅನ್ನುತ್ತೇವೆ. 2006ರಲ್ಲಿ ಶುರುವಾಯಿತು, 2008ರಿಂದ ಫಲಿತಾಂಶ ಎಲ್ಲರಿಗೂ ನೋಡಲು ಸಿಗುತ್ತದೆ. 2012ರ ಅಕ್ಟೋಬರಿನಿಂದ, ಒಬಾಮಾ ಕಾಲದ ಕಾನೂನಿನ ಪ್ರಕಾರ, ಮೆಡಿಕೇರ್ (ಮುಖ್ಯವಾಗಿ 65 ದಾಟಿದವರಿಗೆ ಇಲ್ಲಿನ ಸರ್ಕಾರ ನಡೆಸುವ ಆರೋಗ್ಯ ವಿಮೆ) ಆಸ್ಪತ್ರೆಗೆ ಕೊಡುವ ಹಣಕ್ಕೂ ಇದನ್ನು ಗಂಟು ಹಾಕಿದರು. ಮೆಡಿಕೇರ್ ಅಡ್ಮಿಟ್ ಆದ ರೋಗಿಗಳಿಗೆ ಕೊಡುವ ಮೂಲ ದರದಲ್ಲಿ 2% ಮೊದಲೇ ಹಿಡಿದುಕೊಳ್ಳುತ್ತದೆ. ಎಲ್ಲ ಆಸ್ಪತ್ರೆಗಳಿಂದ ಹೀಗೆ ಹಿಡಿದ ಹಣವನ್ನು ಒಟ್ಟು ಮಾಡಿ, ಅಂಕ ನೋಡಿ ವಾಪಸ್ ಹಂಚುತ್ತದೆ. ಒಂದು ಆಸ್ಪತ್ರೆಗೆ ಜಾಸ್ತಿ ಹೋದರೆ ಇನ್ನೊಂದಕ್ಕೆ ಅಷ್ಟು ಖೋತಾ. ಆ ಅಂಕದಲ್ಲಿ ಸರ್ವೆಯ ಪಾಲು ಕಾಲು ಭಾಗ. ಉಳಿದದ್ದು ಸಾವಿನ ಪ್ರಮಾಣ, ಸೋಂಕು, ಖರ್ಚು ಇಂಥವಕ್ಕೆ. ಅಂದರೆ ಮೆಡಿಕೇರ್‌ನಿಂದ ಈ ಮೂಲ ದರದ ಲೆಕ್ಕದಲ್ಲಿ ವರ್ಷಕ್ಕೆ 10 ಕೋಟಿ ಡಾಲರ್ ಬರುವ ಆಸ್ಪತ್ರೆ ಅಂದುಕೊಳ್ಳಿ, 20 ಲಕ್ಷ ಹಿಡಿಯುತ್ತಾರೆ, ಅದರಲ್ಲಿ ಸುಮಾರು 5 ಲಕ್ಷ ಈ ಸರ್ವೆಯ ಮೇಲೆ ನಿಂತಿರುತ್ತದೆ. ದೊಡ್ಡ ಆಸ್ಪತ್ರೆ ಇದರಿಂದ ಮುಳುಗಿ ಹೋಗುವುದಿಲ್ಲ. ಲಾಭವೇ ಸಣ್ಣದಿರುವ ಕಡೆ ನೋವಾಗುತ್ತದೆ.

ಈಗ ನಮ್ಮವರು ಎಡವುವ ಜಾಗಕ್ಕೆ ಬರುತ್ತೇನೆ. ಹೆಚ್ಚಿನ ಪ್ರಶ್ನೆಗಳಿಗೆ ನಾಲ್ಕು ಉತ್ತರ ಇರುತ್ತವೆ: ಯಾವತ್ತೂ ಇಲ್ಲ, ಕೆಲವೊಮ್ಮೆ, ಸಾಮಾನ್ಯವಾಗಿ, ಯಾವಾಗಲೂ. ಹಣದ ಲೆಕ್ಕಕ್ಕೆ ಹಿಡಿಯುವುದು 'ಯಾವಾಗಲೂ' ಒಂದನ್ನೇ. 'ಸಾಮಾನ್ಯವಾಗಿ' ಅಂತ ಹಾಕಿದರೂ ಒಂದೇ, 'ಯಾವತ್ತೂ ಇಲ್ಲ' ಅಂತ ಹಾಕಿದರೂ ಒಂದೇ. ಕೊನೆಗೆ ಆಸ್ಪತ್ರೆಗೆ ಹತ್ತಕ್ಕೆ ಎಷ್ಟು ಅಂತ ಕೇಳುತ್ತಾರೆ, ಅಲ್ಲಿ 9 ಮತ್ತು 10 ಮಾತ್ರ ಲೆಕ್ಕ. ನಮ್ಮ ಕಡೆ ಹಿರಿಯರು ಖುಷಿಯಾಗಿದ್ದರೆ ಏನು ಮಾಡುತ್ತಾರೆ? ಪಾಪ, ಚೆನ್ನಾಗಿ ನೋಡಿಕೊಂಡರು ಅಂತ 8 ಕೊಡುತ್ತಾರೆ. ಎಸ್ಎಸ್ಎಲ್‌ಸಿಯಲ್ಲಿ ನೂರಕ್ಕೆ 80 ಬಂದರೆ ಸಿಹಿ ಹಂಚುವ ಜನ ನಾವು, ಇಲ್ಲಿ ಆ 8 ಅಂದರೆ ಫೇಲ್. ಮಾವನವರಿಗೆ ಇದನ್ನು ಹೇಳಿ, ಆಮೇಲೆ ಅವರಿಗೆ ಅನಿಸಿದ್ದನ್ನೇ ಹಾಕಲಿ. ಸುಮ್ನೆ ಎಲ್ಲದಕ್ಕೂ 10 ಕೊಡಿ ಅಂತ ನಾನು ಹೇಳುತ್ತಿಲ್ಲ, ಆಸ್ಪತ್ರೆಯವರು ಹಾಗೆ ಕೇಳುವುದಂತೂ ನಿಯಮದಲ್ಲೇ ಇಲ್ಲ.

ಈ ಸರ್ವೆ ನಮ್ಮ ಕೆಲಸವನ್ನು ಬದಲಾಯಿಸಿದೆಯಾ ಅಂದರೆ, ಹೌದು, ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ. ರಾತ್ರಿ ರೂಮಿನ ಸುತ್ತ ನಿಶ್ಶಬ್ದ ಇತ್ತಾ ಅನ್ನುವ ಪ್ರಶ್ನೆ ಇದೆಯಲ್ಲ, ಸಾಮಾನ್ಯವಾಗಿ ಕಮ್ಮಿ ಅಂಕ ಬರುವ ಪ್ರಶ್ನೆಗಳಲ್ಲಿ ಅದೂ ಒಂದು. ನಮ್ಮಲ್ಲಿ ಅದಕ್ಕಾಗಿ ಕಿರ್ ಅನ್ನುತ್ತಿದ್ದ ಗಾಡಿಯ ಚಕ್ರ ಬದಲಾಯಿಸಿದರು, ಹತ್ತು ಗಂಟೆಗೆ ಕಾರಿಡಾರಿನ ದೀಪ ಮಂದ ಮಾಡುತ್ತೇವೆ, ಬಾಗಿಲ ಹತ್ತಿರ ಇಯರ್ ಪ್ಲಗ್ ಇಟ್ಟಿರುತ್ತೇವೆ. ಆದರೆ ಬೆಳಗಿನ ಜಾವ ನಾಲ್ಕಕ್ಕೆ ರಕ್ತ ತೆಗೆಯಲು ಎಬ್ಬಿಸುವುದು ಹಾಗೇ ಇದೆ, ಯಾಕೆಂದರೆ ಡಾಕ್ಟರು ರೌಂಡ್ಸಿಗೆ ಬರುವಷ್ಟರಲ್ಲಿ ರಿಪೋರ್ಟ್ ಬೇಕು. ಇನ್ನು ಪರದೆ ಎಳೆಯುವಾಗ 'ನಿಮ್ಮ ಮರ್ಯಾದೆಗಾಗಿ ಎಳೆಯುತ್ತಿದ್ದೇನೆ' ಅಂತ ಬಾಯಿಬಿಟ್ಟು ಹೇಳಿ ಅಂತ ನಮಗೆ ಹೇಳಿಕೊಡುತ್ತಾರೆ. ನನಗಂತೂ ಅದು ನಾಟಕ ಅನಿಸುತ್ತದೆ.

ಕೆಟ್ಟದ್ದರ ಉದಾಹರಣೆ ಬೇಕಾದರೆ ನೋವಿನ ಪ್ರಶ್ನೆ. ನಿಮ್ಮ ನೋವು ಕಮ್ಮಿ ಮಾಡಲು ಸಿಬ್ಬಂದಿ ಕೈಲಾದದ್ದೆಲ್ಲ ಮಾಡಿದರಾ ಅಂತ ಮೊದಲು ಕೇಳುತ್ತಿದ್ದರು. ಅದೇ ಹೊತ್ತಿಗೆ ಈ ದೇಶದಲ್ಲಿ ಒಪಿಯಾಯ್ಡ್ (ಅಫೀಮಿನ ಜಾತಿಯ ಬಲವಾದ ನೋವು ನಿವಾರಕ) ಮಾತ್ರೆಗಳ ಚಟದಿಂದ ಜನ ಸಾಯುತ್ತಿದ್ದರು. ಮಾತ್ರೆ ಕೊಡದಿದ್ದರೆ ಅಂಕ ಹೋಗುತ್ತದೆ ಅಂತ ಡಾಕ್ಟರುಗಳು ಗಲಾಟೆ ಎಬ್ಬಿಸಿದರು. ಸರ್ವೆಯಿಂದಲೇ ಮಾತ್ರೆ ಜಾಸ್ತಿ ಆಯಿತು ಎನ್ನುವುದಕ್ಕೆ ಅಧ್ಯಯನದ ಆಧಾರ ಇಲ್ಲ ಅಂತ ಸರ್ಕಾರ ಹೇಳಿತು, ಹೇಳುತ್ತಲೇ 2018ರ ಆರ್ಥಿಕ ವರ್ಷದಿಂದ ಹಣದ ಲೆಕ್ಕದಿಂದ ಅದನ್ನು ತೆಗೆಯಿತು, 2019ರಲ್ಲಿ ಸರ್ವೆಯಿಂದಲೂ ನೋವಿನ ಪ್ರಶ್ನೆಗಳು ಹೋದವು.

ನಿಮ್ಮ ಮಾವನವರ ಮಟ್ಟಿಗೆ ನಾನು ಹೇಳುವುದು ಇಷ್ಟು. ನರ್ಸುಗಳು, ಡಾಕ್ಟರುಗಳು ನಿಮಗೆ ಅರ್ಥವಾಗುವ ಹಾಗೆ ವಿವರಿಸಿದರಾ ಅನ್ನುವ ಪ್ರಶ್ನೆಗಳ ಹತ್ತಿರ ಸ್ವಲ್ಪ ನಿಲ್ಲಿ. ಅವರಿಗೆ ಇಂಗ್ಲಿಷ್ ಅಷ್ಟಾಗಿ ಬರಲ್ಲ ಅಂದಿರಿ. ಕೇಳಿದರೆ ದುಭಾಷಿಯನ್ನು ದುಡ್ಡಿಲ್ಲದೆ ಒದಗಿಸುವುದು ಆಸ್ಪತ್ರೆಯ ಕರ್ತವ್ಯ, ಫೋನಿನಲ್ಲಿ ಕನ್ನಡದವರೂ ಸಿಗುತ್ತಾರೆ. ಯಾರೂ ಕರೆಯದೆ, ಎಲ್ಲದಕ್ಕೂ ಮಾವನವರು ತಲೆಯಾಡಿಸಿ ಬಂದಿದ್ದರೆ, ಅಲ್ಲಿ 'ಕೆಲವೊಮ್ಮೆ' ಅಂತಲೇ ಹಾಕಿ. ಸಂಕೋಚ ಬೇಡ. ಸರ್ವೆ ಸ್ಪ್ಯಾನಿಷ್, ಚೈನೀಸ್, ವಿಯೆಟ್ನಾಮೀಸ್ ಹೀಗೆ ಕೆಲವು ಭಾಷೆಗಳಲ್ಲಿ ಇದೆ, ಕನ್ನಡದಲ್ಲಿ ಇಲ್ಲ. ಮೊದಲು ರೋಗಿಯೇ ಉತ್ತರಿಸಬೇಕಿತ್ತು, 2025ರ ಜನವರಿಯಿಂದ ಮನೆಯವರು ಅವರ ಪರವಾಗಿ ತುಂಬಬಹುದು. ಪಕ್ಕದಲ್ಲಿ ಕೂತು, ಪ್ರಶ್ನೆ ಓದಿ ಹೇಳಿ, ಅವರು ಹೇಳಿದ್ದನ್ನು ಗುರುತು ಹಾಕಿ.

ಬಿಲ್ಲಿನ ತಕರಾರು ಇದ್ದರೆ ಮಾತ್ರ ಇದರಲ್ಲಿ ಬರೆದು ಪ್ರಯೋಜನ ಇಲ್ಲ. ಅದಕ್ಕೆ ಆಸ್ಪತ್ರೆಯ ಪೇಷಂಟ್ ಅಡ್ವೊಕೇಟ್ (ರೋಗಿಗಳ ದೂರು ಕೇಳುವವರು) ಯಾರು ಅಂತ ಕೇಳಿ ನೇರ ಅವರಿಗೇ ಫೋನ್ ಮಾಡಿ.