ಅರವತ್ತೊಂದಕ್ಕೆ ಮೊದಲ ಹಚ್ಚೆ

ಈ ಸಲ ಬಂದ ಪತ್ರಗಳಲ್ಲಿ ಮೂರು ಹಚ್ಚೆ ಬಗ್ಗೇನೇ ಇದ್ವು, ಮೂರೂ ಐವತ್ತು ದಾಟಿದೋರು ಬರ್ದಿದ್ದು. ಅದಕ್ಕೆ ಒಟ್ಟಿಗೇ ತಗೊಂಡಿದೀನಿ. ಮೊದಲನೇದಕ್ಕೆ ಉತ್ತರ ಉದ್ದ ಆಗಿದೆ, ಆ ಪತ್ರಾನೇ ಹಂಗಿತ್ತು.

ಪ್ರಶ್ನೆ: ಮೇಡಂ, ನನಗೆ 61 ವರ್ಷ, ಅರಸೀಕೆರೆ ಹತ್ರ ಒಂದು ಹಳ್ಳಿ, ಹೋದ ವರ್ಷ ಟೀಚರ್ ಕೆಲಸದಿಂದ ರಿಟೈರ್ ಆದೆ. ನಮ್ಮಮ್ಮನ ಮುಂಗೈ ಮೇಲೆ ಹಚ್ಚೆ ಇತ್ತು, ತುಳಸಿಕಟ್ಟೆ, ಸುತ್ತ ಚುಕ್ಕಿ, ಮಣಿಕಟ್ಟಿನ ಹತ್ರ ಒಂದು ಚೇಳು. ಮದುವೆಗೆ ಮುಂಚೆ ಊರಿಗೆ ಬಂದಿದ್ದ ಕೊರವಂಜಿ ಹತ್ರ ಅಮ್ಮ, ಚಿಕ್ಕಮ್ಮ ಇಬ್ರೂ ಒಂದೇ ದಿನ ಹಾಕಿಸ್ಕೊಂಡಿದ್ದಂತೆ. ಚಿಕ್ಕವಳಿದ್ದಾಗ ನಂಗೂ ಬೇಕು ಅಂತ ಅತ್ತಿದ್ದೆ, ಅಮ್ಮ "ಓದೋ ಹುಡುಗಿಗೆ ಇದೆಲ್ಲ ಯಾಕೆ" ಅಂತ ಗದರಿ ಕಳಿಸಿದ್ರು. ಅಮ್ಮ ತೀರ್ಕೊಂಡು ಎರಡು ವರ್ಷ ಆಯ್ತು. ಚಿಕ್ಕಮ್ಮ ಇದಾರೆ, ಎಂಬತ್ತರ ಮೇಲಾಗಿದೆ. ಆ ತುಳಸಿಕಟ್ಟೆ ಈಗ ನನ್ನ ಕೈ ಮೇಲೆ ಬೇಕು ಅನ್ನಿಸ್ತಿದೆ. ಮಗ "ಈ ವಯಸ್ಸಲ್ಲಿ ಯಾಕಮ್ಮ, ಜನ ಏನಂತಾರೆ" ಅಂತಾನೆ. ಶುಗರ್ ಇದೆ, ಮಾತ್ರೆ ತಗೋತೀನಿ. ಅಮ್ಮ ಬೇಡ ಅಂದಿದ್ದನ್ನ ಈಗ ಹಾಕಿಸ್ಕೊಂಡ್ರೆ ತಪ್ಪಾಗತ್ತಾ?

ಉತ್ತರ: ಅಕ್ಕ, ನಿಮ್ಮ ಕೊನೆ ಸಾಲಿಂದಾನೇ ಶುರು ಮಾಡ್ತೀನಿ, ಯಾಕಂದ್ರೆ ಸೂಜಿ, ಇಂಕು, ಶುಗರ್ ಇದಕ್ಕೆಲ್ಲ ಉತ್ತರ ಸುಲಭ. ನಿಮ್ಮಜ್ಜಿ ಕಾಲದಲ್ಲಿ ಹಚ್ಚೆ ಇಲ್ದಿರೋ ಹೆಣ್ಣನ್ನೇ "ಇದೇನೇ ಬೋಳು ಕೈ" ಅಂತ ಕೇಳ್ತಿದ್ರು, ಸತ್ತಾಗ ಒಡವೆ ಸೀರೆ ಯಾವ್ದೂ ಬರಲ್ಲ ಹಚ್ಚೆ ಒಂದೇ ಜೊತೆಗೆ ಬರೋದು ಅಂತ ನಂಬಿದ್ರು. ನೀವು ಸ್ಲೇಟು ಹಿಡಿಯೋ ಹೊತ್ತಿಗೆ ಅದೇ ಹಚ್ಚೆ ಓದು ಬರಹ ಬರ್ದಿರೋರ ಗುರುತು ಅನ್ನೋ ಹಂಗಾಗಿತ್ತು, ಪೇಟೆಯೋರ ಮುಂದೆ ಎಷ್ಟೋ ಹೆಂಗಸರು ಸೆರಗೊಳಗೆ ಕೈ ಮುಚ್ಕೊಂಡು ಕೂತಿರೋದನ್ನ ನಾನೇ ನೋಡಿದೀನಿ. ಮಗಳಿಗೆ ಅದು ಬೇಡ ಅಂತ ನಿಮ್ಮಮ್ಮಂಗೆ ಅನ್ನಿಸಿರತ್ತೆ. ಅವರು ಅಂದ್ಕೊಂಡ ಹಾಗೇ ನೀವು ಓದಿದ್ರಿ, ಇನ್ನೊಬ್ರ ಮಕ್ಕಳಿಗೆ ಪಾಠ ಹೇಳಿದ್ರಿ, ರಿಟೈರೂ ಆದ್ರಿ. ತಪ್ಪು ಅಂತ ನಂಗೆ ಒಂಚೂರೂ ಅನ್ಸಲ್ಲ ಅಕ್ಕ, ಹಾಕಿಸ್ಕೊಳ್ಳಿ.

ಆದ್ರೆ ಅಂಗಡಿಗೆ ಹೋಗೋಕೆ ಮುಂಚೆ ಚಿಕ್ಕಮ್ಮನ ಮನೆಗೆ ಹೋಗಿ, ಮಗನ್ನೂ ಕರ್ಕೊಂಡು ಹೋಗಿ. ಒಂದೇ ದಿನ, ಒಂದೇ ಕೈಯಿಂದ ಹಾಕಿದ ಹಚ್ಚೆ ಅದು, ನಿಮ್ಮಮ್ಮನದು ಹೆಂಗಿತ್ತು ಅನ್ನೋದಕ್ಕೆ ಅದಕ್ಕಿಂತ ಹತ್ತಿರದ್ದು ಇನ್ನೇನು ಸಿಗತ್ತೆ. ಹೊಸ ಸೀರೆ ಬರತ್ತಲ್ಲ, ಆ ಪ್ಲಾಸ್ಟಿಕ್ ಕವರ್ ಕತ್ತರಿಸಿ ಚಿಕ್ಕಮ್ಮನ ಮುಂಗೈ ಮೇಲೆ ಹಾಸಿ ಮಾರ್ಕರ್ ಪೆನ್ನಲ್ಲಿ ಒಂದೊಂದೇ ಚುಕ್ಕಿ ಇಟ್ಕೊಂಡು ಬನ್ನಿ. ವಯಸ್ಸಾದೋರ ಚರ್ಮ ಸಡಿಲ ಇರತ್ತೆ, ಮಗ ಮೆಲ್ಲಗೆ ಹಿಡಿದು ಎಳೆದಿರ್ಲಿ, ಅಜ್ಜಿ ಕೈ ಹಿಡ್ಕೊಂಡು ಅರ್ಧ ಗಂಟೆ ಕೂತ್ರೆ ಅವನ ಪ್ರಶ್ನೆಗೂ ಅಲ್ಲೇ ಉತ್ತರ ಸಿಗಬಹುದು. ನಾನು ನಮ್ಮತ್ತೆದು ಹಿಂಗೇ ತೆಗೆದಿದ್ದೆ. ಹಸಿರಿಗೆ ತಿರುಗಿದ್ದ ಆ ಚುಕ್ಕಿಗಳು ಹತ್ತಿರದಿಂದ ನೋಡಿದ್ರೆ ಒಂದೂ ದುಂಡಗಿರ್ಲಿಲ್ಲ, ಒಂದು ಸಾಸಿವೆಯಷ್ಟು, ಪಕ್ಕದ್ದು ಉದ್ದಿನ ಕಾಳಷ್ಟು, ಎರಡು ಕಡೆ ಚುಕ್ಕಿ ಚುಕ್ಕಿ ಸೇರ್ಕೊಂಡು ಗೆರೆ ಆಗೋಗಿತ್ತು. "ಇಲ್ಲಿ ಕೈ ಎಳ್ಕೊಂಡ್ಬಿಟ್ಟೆ ಕಣೇ, ಬಲು ನೋವಾಯ್ತು" ಅಂತ ಅತ್ತೆ ಒಂದು ಸೊಟ್ಟ ಗೆರೆ ತೋರಿಸಿದ್ರು. ಆ ಸೊಟ್ಟ ಗೆರೆ ನನ್ನ ಕೈ ಮೇಲೂ ಹಾಗೇ ಇದೆ, ನಾನೇ ಕೇಳಿ ಇಡಿಸ್ಕೊಂಡೆ.

ಇದನ್ನ ಯಾಕೆ ಇಷ್ಟು ಹೇಳ್ತಿದೀನಿ ಅಂದ್ರೆ, ಈಗ ನೀವು ಕಾಣೋ ಹಚ್ಚೆ ಅವತ್ತು ಹಾಕಿದ ಹಚ್ಚೆ ಅಲ್ಲ, ಅರವತ್ತು ವರ್ಷದಲ್ಲಿ ಅದು ಹರಡಿದೆ. ಸೂಜಿ ಮೇಲ್ಚರ್ಮ ದಾಟಿ ಒಂದೆರಡು ಮಿಲಿಮೀಟರ್ ಕೆಳಗಿನ ಪದರಕ್ಕೆ ಬಣ್ಣ ಬಿಡತ್ತೆ, ಅಲ್ಲಿ ನಮ್ಮ ಮೈಯ ರಕ್ಷಣಾ ಕಣಗಳು ಅದನ್ನ ನುಂಗಿ ಹಿಡ್ಕೊಂಡು ಕೂರ್ತವೆ, ಅದಕ್ಕೇ ಹಚ್ಚೆ ಅಳಿಸಿಹೋಗಲ್ಲ, ಆದ್ರೆ ವರ್ಷ ಕಳೀತಾ ಸ್ವಲ್ಪ ಸ್ವಲ್ಪ ಜರುಗತ್ತೆ. ಹಾಕಿದ್ದು ಕಪ್ಪು ಮಸಿನೇ ಆದ್ರೂ ಚರ್ಮದ ಆಳದಿಂದ ಬರೋ ಬೆಳಕಿಗೆ ಅದು ನೀಲಿ ಹಸಿರಾಗಿ ಕಾಣತ್ತೆ. ನಿಮ್ಮದೂ ಹರಡತ್ತೆ. ಹಂಗಾಗಿ ಕವರ್ ಮೇಲಿನ ನಕ್ಷೆಯಲ್ಲಿ ಚುಕ್ಕಿ ಸಣ್ಣ ಮಾಡ್ಸಿ, ಚುಕ್ಕಿ ಚುಕ್ಕಿ ಮಧ್ಯ ಜಾಗ ಬಿಡ್ಸಿ. ಈಗಿನ ಹುಡುಗರು ಕೂದಲೆಳೆ ಗೆರೆ, ಶೇಡಿಂಗು ಅಂತ ಫೋಟೋ ತೋರಿಸ್ತಾರೆ, ಅರವತ್ತರ ತೆಳು ಚರ್ಮದ ಮೇಲೆ ಅದು ಬೇಗ ಕಲಸಿಹೋಗತ್ತೆ. ನಮ್ಮ ಹಳಬರ ಚುಕ್ಕಿ, ದಪ್ಪ ಗೆರೆ ಇದಾವಲ್ಲ, ಅವು ಹರಡಿದ ಮೇಲೂ ತುಳಸಿಕಟ್ಟೆ ತುಳಸಿಕಟ್ಟೆ ಥರಾನೇ ಕಾಣತ್ತೆ. ಆ ಕೊರವಂಜಿಗೆ ಚರ್ಮದ ವಿಷ್ಯ ಎಷ್ಟು ಚೆನ್ನಾಗಿ ಗೊತ್ತಿತ್ತು ನೋಡಿ.

ಶುಗರ್ ವಿಚಾರ. ಹಚ್ಚೆ ಅಂದ್ರೆ ಗಾಯಾನೇ, ಶುಗರ್ ಜಾಸ್ತಿ ಇದ್ರೆ ಮಾಯೋದು ತಡ, ಕೀವಾಗೋ ಭಯಾನೂ ಜಾಸ್ತಿ. ಮೂರು ತಿಂಗಳ ಸರಾಸರಿ ತೋರಿಸೋ ಎಚ್‌ಬಿಎ1ಸಿ ಟೆಸ್ಟ್ ಮಾಡ್ಸಿ, ನಿಮ್ಮ ಡಾಕ್ಟರಿಗೆ ರಿಪೋರ್ಟ್ ತೋರಿಸಿ, ಹಚ್ಚೆ ಹಾಕಿಸ್ಕೋತೀನಿ ಅಂತ ನೇರವಾಗೇ ಕೇಳಿ, ಅವರು ಸರಿ ಅಂದ್ರೆ ಮಾತ್ರ ಮುಂದಕ್ಕೆ. ಪಾದ, ಮೊಣಕಾಲ ಕೆಳಗೆ ಶುಗರ್ ಇರೋರು ಯಾವತ್ತೂ ಬೇಡ. ನಿಮಗೆ ಮುಂಗೈ ಒಳಭಾಗ ಸರಿ, ಬಿಸಿಲು ಕಮ್ಮಿ ಬೀಳತ್ತೆ. ಮಚ್ಚೆ ಇದ್ರೆ ಅದರ ಮೇಲೆ ಬರಬಾರದು, ನಾಳೆ ಮಚ್ಚೆ ಬದಲಾದ್ರೆ ಡಾಕ್ಟರಿಗೆ ಕಾಣಲ್ಲ. ಕೆಂಪು ಬಣ್ಣ ಬೇಡ, ಅಲರ್ಜಿ ಬರೋದು ಹೆಚ್ಚಾಗಿ ಅದರಲ್ಲೇ, ಕಪ್ಪೇ ಸಾಕು.

ಜಾತ್ರೆಯಲ್ಲಿ ಮಾತ್ರ ಹಾಕಿಸ್ಕೋಬೇಡಿ, ದಯವಿಟ್ಟು. ನಾನು ಮೊದಲು ಅಂಥ ಒಂದು ಕಡೆ ಹೋಗಿ ಕೂತಿದ್ದೆ, ನನ್ನ ಮುಂದಿನ ಹುಡುಗನಿಗೆ ಹಾಕಿದ ಸೂಜೀನ ಬಟ್ಟೆಯಲ್ಲಿ ಒರೆಸಿ ನನ್ನ ಕೈ ಹತ್ರ ತಂದ, ಎದ್ದು ಬಂದ್ಬಿಟ್ಟೆ. ಹೆಪಟೈಟಿಸ್ ಬಿ, ಸಿ, ಎಚ್‌ಐವಿ ಎಲ್ಲ ರಕ್ತ ಅಂಟಿದ ಸೂಜಿಯಿಂದ ಬರೋವು. ಸೂಜಿ ಪ್ಯಾಕೆಟ್ ನಿಮ್ಮ ಕಣ್ಣ ಮುಂದೆ ಒಡೀಬೇಕು, ಇಂಕನ್ನ ಪುಟ್ಟ ಮುಚ್ಚಳದಂಥ ಕಪ್ಪಿಗೆ ನಿಮಗೋಸ್ಕರ ಹೊಸದಾಗಿ ಸುರೀಬೇಕು, ಕೈಗೆ ಹೊಸ ಗ್ಲೌಸ್. ಕೇಳೋಕೆ ಸಂಕೋಚ ಬೇಡ, ಕ್ಲಾಸಲ್ಲಿ ಹೋಂವರ್ಕ್ ಕೇಳಿದ ಹಂಗೆ ಕೇಳಿ. ಮೊದಲು ನೇರಳೆ ಬಣ್ಣದ ಅಚ್ಚು ಒತ್ತುತಾರೆ, ಆಗ ಕೈ ಮೇಜಿನ ಮೇಲಿಟ್ಟು ನೋಡೋದಲ್ಲ, ಎದ್ದು ನಿಂತು ಕೈ ಸುಮ್ನೆ ಇಳಿಬಿಟ್ಟು ಕನ್ನಡಿಯಲ್ಲಿ ನೋಡಿ, ತಿರುಗಿಸಿದಾಗ ಚರ್ಮ ಜರುಗಿ ಕಟ್ಟೆ ವಾಲಿದ ಹಂಗೆ ಕಾಣಬಹುದು. ಸರಿ ಇಲ್ಲಾಂದ್ರೆ ಒರೆಸಿ ಇನ್ನೊಂದ್ಸಲ ಒತ್ತಿಸಿ. ತೆಳು ಚರ್ಮ, ಆಳಕ್ಕೆ ಹೋಗ್ಬೇಡಪ್ಪ ಅಂತ ಮೊದಲೇ ಹೇಳಿ, ಸೂಜಿ ಆಳಕ್ಕಿಳಿದ್ರೆ ಗೆರೆ ಪಕ್ಕ ಶಾಯಿ ಹರಡಿದ ಹಂಗೆ ನೀಲಿ ಆಗೋಗತ್ತೆ. ತಿಂಡಿ ತಿಂದು, ಮಾತ್ರೆ ತಗೊಂಡೇ ಹೋಗಿ.

ಮನೆಗೆ ಬಂದ್ಮೇಲೆ ಅರಿಶಿನ, ಹರಳೆಣ್ಣೆ ಯಾರೇ ಹೇಳಿದ್ರೂ ಹಚ್ಬೇಡಿ. ಸೌಮ್ಯ ಸೋಪು, ನೀರು, ಮೆತ್ತಗೆ ಒತ್ತಿ ಒರೆಸೋದು, ಅವರು ಹೇಳಿದ ಮುಲಾಮು ತೆಳ್ಳಗೆ, ಅಷ್ಟೇ. ಎರಡರಿಂದ ನಾಲ್ಕು ವಾರದಲ್ಲಿ ಮೇಲಿನ ಸಿಪ್ಪೆ ಉದುರಿ ಮಾಯತ್ತೆ, ನಿಮಗೆ ಸ್ವಲ್ಪ ಜಾಸ್ತಿ ದಿನ ಹಿಡೀಬಹುದು. ಕೆರೀಬೇಡಿ. ಕೆಂಪಗಾಗಿ ಬಿಸಿ ಏರ್ತಾ ಹೋದ್ರೆ, ಕೀವು ಬಂದ್ರೆ, ಜ್ವರ ಬಂದ್ರೆ ಅವತ್ತೇ ಡಾಕ್ಟರ್ ಹತ್ರ ಹೋಗಿ.

ಪ್ರಶ್ನೆ: ನನಗೆ 67. ಎರಡು ತಿಂಗಳ ಹಿಂದೆ ಹಾರ್ಟಿಗೆ ಸ್ಟೆಂಟ್ ಹಾಕಿದಾರೆ. ತೀರಿಕೊಂಡ ಹೆಂಡತಿ ಹೆಸರು ಕನ್ನಡದಲ್ಲಿ ಎದೆ ಮೇಲೆ ಬರೆಸ್ಕೋಬೇಕು. ರಕ್ತ ತೆಳು ಮಾಡೋ ಮಾತ್ರೆ ನಾಲ್ಕು ದಿನ ಬಿಟ್ರೆ ಸಾಕಾ?

ಉತ್ತರ: ಬೇಡಿ ಸರ್, ಮಾತ್ರೆ ಒಂದು ದಿನಾನೂ ಬಿಡ್ಬೇಡಿ. ಹೊಸ ಸ್ಟೆಂಟಲ್ಲಿ ರಕ್ತ ಹೆಪ್ಪುಗಟ್ಟದೇ ಇರ್ಲಿ ಅಂತಾನೇ ಆ ಮಾತ್ರೆ ಕೊಟ್ಟಿರೋದು, ಬಿಟ್ರೆ ಪ್ರಾಣಕ್ಕೇ ಅಪಾಯ. ಮಾತ್ರೆ ನಡೀತಿರುವಾಗ ಹಚ್ಚೆ ಹಾಕಿದ್ರೆ ರಕ್ತ ಜಾಸ್ತಿ ಒಸರತ್ತೆ, ಬಣ್ಣಾನೂ ಸರಿಯಾಗಿ ನಿಲ್ಲಲ್ಲ. ಯಾವಾಗ ಹಾಕಿಸ್ಕೋಬಹುದು ಅಂತ ನಿಮ್ಮ ಹಾರ್ಟ್ ಡಾಕ್ಟರೇ ಹೇಳ್ಬೇಕು, ಅಲ್ಲೀವರೆಗೆ ತಡೀರಿ. ನಿಮ್ಮ ಆಸೆ ದೊಡ್ಡದು, ಅವಸರದಲ್ಲಿ ಅದು ಕೆಡಬಾರದು.

ಈ ಮಧ್ಯ ಒಂದು ಕೆಲಸ ಮಾಡಿ, ಹೆಸರನ್ನ ನೀವೇ ನಿಮ್ಮ ಅಕ್ಷರದಲ್ಲಿ ಬಿಳಿ ಹಾಳೆ ಮೇಲೆ ಹತ್ತಾರು ಸಲ ಬರೆದು ಚೆನ್ನಾಗಿರೋದನ್ನ ಎತ್ತಿಡಿ. ಹಾಕೋ ಎಷ್ಟೋ ಹುಡುಗರಿಗೆ ಕನ್ನಡ ಓದೋಕೆ ಬರಲ್ಲ, ಕೆಲವು ಕಂಪ್ಯೂಟರ್ ಸಾಫ್ಟ್‌ವೇರಲ್ಲಿ ಒತ್ತಕ್ಷರ ಒಡೆದುಹೋಗತ್ತೆ, ಲಕ್ಷ್ಮಿ ಅಂತ ಟೈಪ್ ಮಾಡಿದ್ರೆ ಕ ಷ ಮ ಬೇರೆ ಬೇರೆ ಬಿದ್ದಿರತ್ತೆ. ಅಚ್ಚು ಒತ್ತಿದ ಮೇಲೆ ಓದೋ ಕನ್ನಡಕ ಹಾಕ್ಕೊಂಡು ದೀರ್ಘ, ಒತ್ತು ಎಲ್ಲ ನೋಡಿ. ಎದೆ ಮೇಲಿದ್ರೆ ಕನ್ನಡಿಯಲ್ಲಿ ತಿರುಗುಮುರುಗಾಗಿ ಕಾಣತ್ತೆ, ಫೋಟೋ ತೆಗೆಸಿ ಓದಿ. ನನ್ನ ಕೇಳಿದ್ರೆ ಮುಂಗೈ ವಾಸಿ, ದಿನಾ ನಿಮ್ಮ ಕಣ್ಣಿಗೇ ಬೀಳತ್ತೆ.

ಪ್ರಶ್ನೆ: ನನಗೆ 51, ಮೊದಲ ಸಲ ಟ್ಯಾಟೂ ಹಾಕಿಸ್ತಿದೀನಿ. ತುಂಬಾ ವರ್ಷದಿಂದ ರಕ್ತದಾನ ಮಾಡ್ತಿದೀನಿ, ಇನ್ಮೇಲೆ ಮಾಡೋ ಹಾಗೇ ಇಲ್ವಾ?

ಉತ್ತರ: ಮಾಡಬಹುದು. ನಮ್ಮ ದೇಶದ ನಿಯಮದಲ್ಲಿ ಹಚ್ಚೆ ಹಾಕಿಸಿದ ಮೇಲೆ 12 ತಿಂಗಳು ರಕ್ತ ಕೊಡೋ ಹಾಗಿಲ್ಲ, ಸೂಜಿಯಿಂದ ಏನಾದ್ರೂ ಸೋಂಕು ತಗುಲಿದ್ರೆ ಟೆಸ್ಟಲ್ಲಿ ಕಾಣೋಕೆ ಸಮಯ ಬೇಕು ಅಂತ. ನಿಮ್ಮ ಮುಂದಿನ ಸರದಿ ಹತ್ರ ಇದ್ರೆ ಮೊದಲು ರಕ್ತ ಕೊಟ್ಟು ಬನ್ನಿ, ಸ್ವಲ್ಪ ವಾರ ಸುಧಾರಿಸ್ಕೊಂಡು ಆಮೇಲೆ ಟ್ಯಾಟೂ ಹಾಕಿಸಿ, ಹಾಕಿಸಿದ ತಾರೀಖನ್ನ ಡೋನರ್ ಕಾರ್ಡ್ ಹಿಂದೆ ಬರೆದಿಡಿ.