ಮೇಷ್ಟ್ರು ಹೇಳಿದ್ದೆಲ್ಲ ಸರಿಯಾಗೇ ಇತ್ತು: ಒಂದು ಆಪ್ತಸಲಹೆ ಪ್ರಕರಣ

(ಹೆಸರು, ಊರು, ಸಂಬಂಧ ಎಲ್ಲ ಬದಲಾಯಿಸಿದೀನಿ. ಒಂದೆರಡು ವಿವರ ಬೇರೆ ಪ್ರಕರಣದ್ದು ಸೇರಿಸಿದೀನಿ. ಸಂಬಂಧಪಟ್ಟವರು ಓದಿ ಹೂಂ ಅಂದ ಮೇಲೇ ಹಾಕ್ತಿರೋದು.)

ಇವರನ್ನ ಮೇಷ್ಟ್ರು ಅಂತಲೇ ಕರೀತೀನಿ. ಐವತ್ತರ ಹತ್ತಿರ ವಯಸ್ಸು, ಹಾಸನದ ಕಡೆ ಸರ್ಕಾರಿ ಹೈಸ್ಕೂಲಲ್ಲಿ ಸಮಾಜ ವಿಜ್ಞಾನ ಹೇಳ್ಕೊಡ್ತಾರೆ. ಅವರಾಗೇ ಬಂದಿದ್ದಲ್ಲ, ಬಿಪಿ ಜಾಸ್ತಿ ಆಯ್ತು ಅಂತ ತೋರಿಸ್ಕೊಂಡ ಡಾಕ್ಟರ್ರು ನಿದ್ದೆ ಹೇಗಿದೆ ಅಂತ ಕೇಳಿ, ಬಂದ ಉತ್ತರ ಕೇಳಿ, ಮಾತ್ರೆ ಬರ್ಕೊಟ್ಟು ಕೌನ್ಸೆಲಿಂಗ್‌ಗೂ ಹೋಗಿ ಅಂದಿದ್ರಂತೆ, ಹೆಂಡ್ತಿ ಕರ್ಕೊಂಡು ಬಂದ್ರು. "ರಾತ್ರಿ ಎರಡು ಗಂಟೇಲಿ ಎಚ್ಚರ ಆಗಿ ನೋಡಿದ್ರೆ ಮಂಚದ ಮೇಲೆ ಕೂತ್ಕೊಂಡು ಟೈಪ್ ಮಾಡ್ತಿರ್ತಾರೆ ಮೇಡಂ, ಒಬ್ಬರೇ ಬೈಕೋತಾ ಇರ್ತಾರೆ. ಕುಡಿಯಲ್ಲ, ಇಸ್ಪೀಟ್ ಆಡಲ್ಲ. ಪಾಲಿಟಿಕ್ಸ್ ಚಟ ಅಂತ ಯಾರ ಹತ್ರ ಹೇಳ್ಕೊಳ್ಳೋದು, ನಗ್ತಾರೆ" ಅಂದ್ರು. ಮೇಷ್ಟ್ರು ಪಕ್ಕದಲ್ಲಿ ಕೂತು ಗೋಡೆ ನೋಡ್ತಿದ್ರು.

ಜಗಳ ಶುರುವಾಗಿದ್ದು 2022ರ ಮಾರ್ಚ್‌ನಲ್ಲಿ, ಮನೆಯವರ ವಾಟ್ಸಾಪ್ ಗ್ರೂಪಲ್ಲಿ. ಉಕ್ರೇನ್ ಮೇಲೆ ರಷ್ಯಾ ನುಗ್ಗಿದ್ದನ್ನ ಖಂಡಿಸೋ ನಿರ್ಣಯ ಮಾರ್ಚ್ 2ಕ್ಕೆ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ ಮತಕ್ಕೆ ಬಂತಲ್ಲ, 141 ದೇಶ ಪರ, 5 ವಿರುದ್ಧ, 35 ದೇಶ ಮತ ಹಾಕದೆ ದೂರ ಉಳಿದ್ವು, ಅದರಲ್ಲಿ ಭಾರತವೂ ಒಂದು. ಮೇಷ್ಟ್ರ ಅಕ್ಕನ ಗಂಡ, ರಿಟೈರ್ಡ್, ಬೆಂಗಳೂರಲ್ಲಿದಾರೆ, ಅವರು "ಇಂಡಿಯಾ ರಷ್ಯಾ ಪರ ವೋಟ್ ಹಾಕ್ತು, ಭೇಷ್" ಅಂತ ಹಾಕಿದ್ರು. ಮೇಷ್ಟ್ರು "ಇಲ್ಲ ಭಾವ, ಪರ ಹಾಕಿಲ್ಲ, ದೂರ ಉಳಿದಿದೆ, ಎರಡಕ್ಕೂ ವ್ಯತ್ಯಾಸ ಇದೆ" ಅಂದ್ರು. ಭಾವ ಒಪ್ಪಲಿಲ್ಲ. ಅಲ್ಲಿಗೆ ಬಿಟ್ಟಿದ್ರೆ ನಾನಿದನ್ನ ಬರೀತಾನೇ ಇರ್ಲಿಲ್ಲ.

ಅಲ್ಲಿಂದ ಅದು ಸಂವಿಧಾನಕ್ಕೆ ಹೋಯ್ತು. ಭಾವ ಒಂದಿನ "ಮಿತ್ರ ದೇಶನ ಬೈಯೋ ಹಕ್ಕು ನಿಂಗಿಲ್ಲ, ಸಂವಿಧಾನದಲ್ಲೇ ಬರೆದಿದೆ" ಅಂದುಬಿಟ್ರು. ಇದು ಅರ್ಧ ನಿಜ, ಅದಕ್ಕೇ ಮೇಷ್ಟ್ರಿಗೆ ಅಷ್ಟು ಉರೀತು. ಮಾತಿನ ಸ್ವಾತಂತ್ರ್ಯದ 19ನೇ ವಿಧಿಯ ಎರಡನೇ ಉಪವಿಧಿಯಲ್ಲಿ ವಿದೇಶಗಳ ಜೊತೆಗಿನ ಸ್ನೇಹ ಸಂಬಂಧ ಅನ್ನೋದು ನಿಜವಾಗಲೂ ಇದೆ, 1951ರ ಮೊದಲನೇ ತಿದ್ದುಪಡಿಯಲ್ಲಿ ಸೇರಿದ್ದು. ಆದ್ರೆ ಆ ಕಾರಣಕ್ಕೆ ಸರ್ಕಾರ ಕಾನೂನು ಮಾಡಿ ಸಮಂಜಸವಾದ ನಿರ್ಬಂಧ ಹಾಕಬಹುದು ಅಂತಷ್ಟೇ ಅದರ ಅರ್ಥ, ಅದನ್ನ ತೋರಿಸಿ ಭಾವ ಮೈದುನನ ಬಾಯಿ ಮುಚ್ಚಿಸೋಕೆ ಬರಲ್ಲ. ಮೇಷ್ಟ್ರು ಇದನ್ನ ಉದ್ದಕ್ಕೆ ಬರೆದು ಹಾಕಿದ್ರು, ಭಾವ ಹೆಬ್ಬೆಟ್ಟಿನ ಇಮೋಜಿ ಹಾಕಿದ್ರು, ಆ ಹೆಬ್ಬೆಟ್ಟು ಲೇವಡಿನೋ ಒಪ್ಪಿಗೆನೋ ಅಂತ ಮೇಷ್ಟ್ರು ಒಂದು ರಾತ್ರಿ ಪೂರ್ತಿ ಯೋಚ್ನೆ ಮಾಡಿದಾರೆ.

ಆಮೇಲೆ ಗ್ರೂಪ್ ಸಾಲದಾಯ್ತು, ಫೇಸ್‌ಬುಕ್ಕಿಗೆ ಇಳಿದ್ರು. ಅಲ್ಲಿ ಗುರುತಿಲ್ಲದವರ ಜೊತೆ 370ನೇ ವಿಧಿ, ಚೀನಾ ಗಡಿ, ಮೀಸಲಾತಿ, ಗಾಜಾ. ಒಬ್ಬ "66ಎ ಕೇಸ್ ಹಾಕಿಸ್ತೀನಿ" ಅಂದಿದ್ದಕ್ಕೆ ಇವರು ಶ್ರೇಯಾ ಸಿಂಘಲ್ ತೀರ್ಪು ತೋರಿಸಿದ್ರು, 66ಎ ಅಂದ್ರೆ ಆನ್‌ಲೈನ್‌ನಲ್ಲಿ ಆಕ್ಷೇಪಾರ್ಹವಾಗಿ ಬರೆದವರ ಮೇಲೆ ಕೇಸ್ ಹಾಕೋ ಐಟಿ ಕಾಯ್ದೆಯ ಸೆಕ್ಷನ್, 2015ರಲ್ಲೇ ಸುಪ್ರೀಂ ಕೋರ್ಟ್ ಅದನ್ನ ರದ್ದು ಮಾಡಿದೆ. ಅಲ್ಲೂ ಇವರದ್ದೇ ಸರಿ. ಆದ್ರೆ ಅದೇ ವ್ಯಕ್ತಿ ಇವರ ಪ್ರೊಫೈಲ್ ನೋಡಿ "ಸರ್ಕಾರಿ ಮೇಷ್ಟ್ರಾ? ಬಿಇಓಗೆ ಕಳಿಸ್ತೀನಿ ಇರು" ಅಂದ. ಬಿಇಓ ಅಂದ್ರೆ ಕ್ಷೇತ್ರ ಶಿಕ್ಷಣಾಧಿಕಾರಿ, ಹೆಂಡ್ತಿಗೆ ಭಯ ಹುಟ್ಟಿದ್ದು ಅಲ್ಲಿ. ಅಷ್ಟರಲ್ಲಿ ಮನೆ ಗ್ರೂಪಿನ ಅಡ್ಮಿನ್, ಅಂದ್ರೆ ಅಕ್ಕನ ಮಗ, ಮಾವ ಅಂತಾನೂ ನೋಡದೆ ಇವರನ್ನ ರಿಮೂವ್ ಮಾಡಿದ. ಮೇಷ್ಟ್ರು ಅಳಿಯನಿಗೆ ನೋಟಿಸ್ ಕಳಿಸೋಕೆ ಡ್ರಾಫ್ಟ್ ಬರೆದಿಟ್ಕೊಂಡಿದ್ರು, 19(1)(ಎ), ಅಂದ್ರೆ ಮಾತಿನ ಸ್ವಾತಂತ್ರ್ಯದ ಉಲ್ಲಂಘನೆ ಅಂತ! ನಗಬೇಡಿ, ಅದನ್ನ ಬರೆಯೋವಾಗ ಅವರ ಕೈ ನಡುಗ್ತಿತ್ತಂತೆ.

ಮೊದಲ ಭೇಟಿಯಲ್ಲಿ ನಾನು ಫೋನ್ ಬಗ್ಗೆ ಮಾತೇ ಎತ್ತಲಿಲ್ಲ. ಎತ್ತಿದ್ರೆ "ಹಾಗಾದ್ರೆ ಪ್ರಜೆ ಆದವನು ಮಾತಾಡಬಾರದಾ" ಅಂತ ಶುರುವಾಗುತ್ತೆ, ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ, ಯಾಕಂದ್ರೆ ಮಾತಾಡಬೇಕು ಅಂತಲೇ ನನ್ನ ಅಭಿಪ್ರಾಯ ಕೂಡ. ರಾಜಕೀಯದಲ್ಲಿ ಆಸಕ್ತಿ ಇರೋದನ್ನೇ ಕಾಯಿಲೆ ಥರ ನೋಡೋ ಕೌನ್ಸೆಲರ್‌ಗಳನ್ನ ಕಂಡ್ರೆ ನಂಗೆ ಸ್ವಲ್ಪ ಕಿರಿಕಿರಿನೇ. ಹಾಗಾಗಿ ಪಾಠದ ಪ್ರಶ್ನೆ ಕೇಳಿದೆ. ಮೇಷ್ಟ್ರೇ, ನಿಮ್ಮ ಹತ್ತನೇ ಕ್ಲಾಸಿನ ಹುಡುಗಿ ಒಬ್ಬಳು, ಸರ್, ನನ್ ಫ್ರೆಂಡ್ ನನ್ನ ಗ್ರೂಪಿಂದ ತೆಗೆದುಬಿಟ್ಲು, ಮೂಲಭೂತ ಹಕ್ಕು ಹೋಯ್ತಾ ಅಂತ ಕೇಳಿದ್ರೆ ಏನು ಹೇಳ್ತೀರಿ?

"ಇಲ್ಲಮ್ಮ ಅಂತೀನಿ. ಆ ಹಕ್ಕು ಮುಖ್ಯವಾಗಿ ಪ್ರಭುತ್ವದ ವಿರುದ್ಧ, ಪ್ರಭುತ್ವ ಅಂದ್ರೆ ಏನು ಅಂತ 12ನೇ ವಿಧಿ ಓದು ಅಂತೀನಿ" ಅಂದ್ರು. ಒಂದು ಸೆಕೆಂಡ್ ಬಿಟ್ಟು, "ಆದ್ರೆ ಮೇಡಂ, 2023ರ ಜನವರಿಯಲ್ಲಿ ಕೌಶಲ್ ಕಿಶೋರ್ ಕೇಸಲ್ಲಿ ಐದು ಜನ ಜಡ್ಜ್‌ಗಳ ಪೀಠ, ಅದರಲ್ಲಿ ಬಹುಮತ ಏನಂತು ಗೊತ್ತಾ, 19 ಮತ್ತೆ ಜೀವಿಸೋ ಹಕ್ಕಿನ 21ನ್ನ ಖಾಸಗಿಯವರ ವಿರುದ್ಧವೂ ಜಾರಿ ಮಾಡಿಸಬಹುದು ಅಂತು, ಒಬ್ಬರು ಜಡ್ಜ್ ಅದಕ್ಕೆ ಒಪ್ಪಲಿಲ್ಲ" ಅಂತ ಶುರುಮಾಡಿ ಕಾಲು ಗಂಟೆ ಮಾತಾಡಿದ್ರು. ನಾನು ಬಾಯಿ ಹಾಕಲಿಲ್ಲ. ಬರೋವಾಗ ಸೊರಗಿದ್ದ ಮನುಷ್ಯ, ಬೆನ್ನು ನೆಟ್ಟಗಾಯ್ತು, ದನಿ ಗಟ್ಟಿ ಆಯ್ತು, ಕೈ ಬೆರಳು ಬೋರ್ಡ್ ಮೇಲೆ ಬರೆಯೋ ಥರ ಗಾಳಿಯಲ್ಲಿ ಓಡಾಡ್ತಿತ್ತು. ಹೆಂಡ್ತಿ ಗಂಡನನ್ನೇ ನೋಡ್ತಿದ್ರು. ಮುಗಿದ ಮೇಲೆ ಕೇಳಿದೆ: ಇದನ್ನ ಕೇಳೋರು ಮನೇಲಿ ಯಾರಿದಾರೆ? ಯಾರೂ ಇಲ್ಲ ಅಂದ್ರು. ಸ್ಟಾಫ್ ರೂಮಲ್ಲಿ? ಅಲ್ಲಿ ಡಿಎ ಎಷ್ಟು ಬರುತ್ತೆ ಅನ್ನೋದು ಬಿಟ್ಟು ಬೇರೆ ಮಾತಿಲ್ಲವಂತೆ.

ಎರಡನೇ ಭೇಟಿಗೆ ಹಳೇ ಚಾಟ್ ತನ್ನಿ ಅಂದಿದ್ದೆ. ಇವರ ಫೋನಲ್ಲಿ "ಸಾಕ್ಷಿ" ಅಂತ ಒಂದು ಆಲ್ಬಮ್ ಇತ್ತು, ಭಾವ ಏನಂದ್ರು, ಚಿಕ್ಕಪ್ಪ ಏನಂದ್ರು, ಯಾವ ತಾರೀಖು, ಎಲ್ಲ ಸ್ಕ್ರೀನ್‌ಶಾಟ್. ಅದನ್ನ ಬಿಟ್ಟು ಪೂರ್ತಿ ಚಾಟನ್ನೇ ಮೇಲಿಂದ ಕೆಳಗೆ ಒಟ್ಟಿಗೆ ಓದೋಣ ಅಂದೆ, 2022ರ ಮಾರ್ಚ್ 2ರಿಂದಲೇ.

ಆ ಗ್ರೂಪಲ್ಲಿ ಅಕ್ಕನ ಕಡೆ ನೆಂಟರ ಹುಡುಗಿ ಒಬ್ಬಳಿದ್ಲು, ಖಾರ್ಕಿವ್‌ನಲ್ಲಿ ಎಂಬಿಬಿಎಸ್ ಓದ್ತಿದ್ಲು. ಹಿಂದಿನ ದಿನ ತಾನೇ ಅದೇ ಊರಲ್ಲಿ ನಮ್ಮ ಹಾವೇರಿ ಜಿಲ್ಲೆಯ ವಿದ್ಯಾರ್ಥಿ ಶೆಲ್ ದಾಳಿಗೆ ಸತ್ತಿದ್ದ. ಮಾರ್ಚ್ 2ಕ್ಕೆ ರಾಯಭಾರ ಕಚೇರಿ, ಭಾರತೀಯರೆಲ್ಲ ಕೂಡಲೇ ಖಾರ್ಕಿವ್ ಬಿಡಿ, ಬಸ್ಸು ರೈಲು ಸಿಗದಿದ್ರೆ ನಡ್ಕೊಂಡಾದ್ರೂ ಪೆಸೊಚಿನ್, ಬಬಾಯೆ, ಬೆಜ್ಲ್ಯುದೊವ್ಕಾ ಕಡೆ ಹೋಗಿ, ಅಲ್ಲಿನ ಸಂಜೆ ಆರು ಗಂಟೆ ಒಳಗೆ ತಲುಪಿ ಅಂತ ಹೇಳಿತ್ತು. ವಿಶ್ವಸಂಸ್ಥೆಯಲ್ಲಿ ವೋಟಿಂಗ್ ಆಗಿದ್ದೂ ಅವತ್ತೇ, ನಮಗೆ ರಾತ್ರಿ.

ಚಾಟಲ್ಲಿ ರಾತ್ರಿ ಭಾವನ "ಭೇಷ್" ಇತ್ತು, ಮೇಷ್ಟ್ರ "ಇಲ್ಲ ಭಾವ" ಇತ್ತು, ಲಿಂಕುಗಳು, ಭೂಪಟ, ನೆಹರೂ ಕಾಲದ ಅಲಿಪ್ತ ನೀತಿ, ರಷ್ಯಾದ ಎಸ್-400 ಕ್ಷಿಪಣಿ, ಕಚ್ಚಾ ತೈಲ. ಅದರ ಮಧ್ಯೆ ಒಂದು ಸಾಲು: "ಪೆಸೊಚಿನ್ ತಲುಪಿದ್ವಿ ಚಾರ್ಜ್ 4% ಇದೆ ಅಮ್ಮಂಗೆ ಯಾರಾದ್ರೂ ಹೇಳಿ". ಅದರ ಕೆಳಗಿನ ಮೆಸೇಜು ಮೇಷ್ಟ್ರದ್ದೇ, ದೂರ ಉಳಿದ 35 ದೇಶಗಳ ಪಟ್ಟಿ.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕ್ಕೊಂಡು ಓದಿದ್ರು. "ಇದನ್ನ ನಾನು ನೋಡೇ ಇಲ್ಲ" ಅಂದ್ರು. ಅವರ ಅಮ್ಮಂಗೆ ಯಾರು ಹೇಳಿದ್ರು ಅಂತ ಕೇಳಿದೆ, ಗೊತ್ತಿರಲಿಲ್ಲ. ಪಕ್ಕದಲ್ಲಿದ್ದ ಹೆಂಡ್ತಿ "ನಾನೇ ಫೋನ್ ಮಾಡಿದ್ದೆ ಕಣ್ರೀ" ಅಂದ್ರು. ಆ ಹುಡುಗಿ ಆಪರೇಷನ್ ಗಂಗಾ ವಿಮಾನದಲ್ಲಿ ವಾಪಸ್ ಬಂದ್ಲು, ಬಂದ ವಾರದಲ್ಲಿ ಗ್ರೂಪ್ ಬಿಟ್ಲು, ಯಾಕೆ ಅಂತ ಯಾರೂ ಕೇಳಿಲ್ಲ.

ನಾನು ಅದರ ಮೇಲೆ ಭಾಷಣ ಮಾಡಲಿಲ್ಲ. ಒಂದೇ ಒಂದು ಕೇಳಿದೆ, ಆ 35ರ ಪಟ್ಟಿ ಯಾರಿಗೋಸ್ಕರ ಹಾಕಿದ್ರಿ? ಭಾವನಿಗೆ ಅಂದ್ರು. ಭಾವ ಓದಿದ್ರಾ? ಇಲ್ಲ. ಓದಿದ್ರೆ ಏನಾಗಬೇಕಿತ್ತು? ತುಂಬ ಹೊತ್ತು ಬಿಟ್ಟು, "ಹೌದಪ್ಪಾ, ನೀನು ಹೇಳಿದ್ದೇ ಸರಿ ಅನ್ನಬೇಕಿತ್ತು" ಅಂದ್ರು.

ಇಷ್ಟು ವರ್ಷದ ನಿದ್ದೆ ಹೋಗಿದ್ದು ಇದಕ್ಕೆ. ವಿಷಯ ಯಾವುದಾದ್ರೂ ಆಗಬಹುದಿತ್ತು. ಮಾಹಿತಿ ತಪ್ಪಿದ್ದವರಿಗೆ ಯಾರಾದ್ರೂ ತಿದ್ದಿ ಹೇಳಬಹುದು, ಆದ್ರೆ ಮಾಹಿತಿ ಸರಿ ಇದ್ದು, ಎದುರಿನವನು ಒಪ್ಕೊಳ್ಳೋವರೆಗೂ ಮಲಗಲ್ಲ ಅನ್ನೋರಿಗೆ ಕಷ್ಟ ಜಾಸ್ತಿ, ಯಾಕಂದ್ರೆ ನಿಲ್ಲಿಸೋಕೆ ಅವರಿಗೆ ಕಾರಣವೇ ಸಿಗಲ್ಲ. ಅವರಿಗೆ ಅವರ ಪಾಠದ್ದೇ ಒಂದು ಕೇಸ್ ನೆನಪಿಸಿದೆ. ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳು ಹಾಕಿದ ಕೇಶವಾನಂದ ಭಾರತಿ ಕೇಸು, ಸಂವಿಧಾನವನ್ನ ಸಂಸತ್ತು ಎಷ್ಟರಮಟ್ಟಿಗೆ ತಿದ್ದಬಹುದು ಅನ್ನೋದು ಪ್ರಶ್ನೆ, 13 ಜನ ಜಡ್ಜ್‌ಗಳು 68 ದಿನ ವಾದ ಕೇಳಿದ್ರು, ದೇಶದ ದೊಡ್ಡ ದೊಡ್ಡ ವಕೀಲರು ವಾದ ಮಾಡಿದ್ರು, 1973ರಲ್ಲಿ ತೀರ್ಪು ಬಂದಾಗ 7 ಜನ ಒಂದು ಕಡೆ 6 ಜನ ಇನ್ನೊಂದು ಕಡೆ. ಸ್ವಾಮಿಗಳ ಪರ ವಕೀಲ ಪಾಲ್ಖಿವಾಲಾ ಅಷ್ಟು ದಿನ ವಾದ ಮಾಡಿಯೂ ಆರು ಜನರನ್ನ ಒಪ್ಪಿಸೋಕೆ ಆಗಲಿಲ್ಲ, ನೀವು ರಾತ್ರಿ ಒಂದು ಗಂಟೆ ಒಳಗೆ ಭಾವನ್ನ ಒಪ್ಪಿಸ್ತೀನಿ ಅಂತೀರಲ್ಲ ಮೇಷ್ಟ್ರೇ ಅಂದೆ. ಮೊದಲ ಸಲ ನಕ್ಕಿದ್ದು ಅವತ್ತೇ.

ಕೊಟ್ಟ ಸಲಹೆ ಹೇಳ್ತೀನಿ. ಫೋನ್ ಚಾರ್ಜರ್ ಹಾಲಿಗೆ ಹೋಯ್ತು, ಅಲಾರಂಗೆ ಫೋನ್ ಬೇಕಲ್ಲ ಅನ್ನೋ ನೆಪಕ್ಕೆ ಹಳೇ ಥರದ ಟೈಂಪೀಸ್ ತಂದ್ರು. ರಾತ್ರಿ ಉತ್ತರ ಕೊಡಲೇಬೇಕು ಅನ್ನಿಸಿದ್ರೆ ನೋಟ್‌ಬುಕ್ಕಲ್ಲಿ ಪೆನ್ನಲ್ಲಿ ಬರೀಬೇಕು, ಎಷ್ಟು ಉದ್ದ ಬೇಕಾದ್ರೂ, ಬೆಳಗ್ಗೆ ಕಾಫಿ ಆದ ಮೇಲೆ ಓದಿ ಇನ್ನೂ ಹಾಕಬೇಕು ಅನ್ನಿಸಿದ್ರೆ ಹಾಕಬಹುದು, ನನ್ನ ಅಡ್ಡಿ ಇಲ್ಲ. ಹೆಚ್ಚಿನವು ಹಾಕೋ ಮಟ್ಟಕ್ಕೆ ಬರಲೇ ಇಲ್ಲ ಅಂತ ಅವರೇ ಹೇಳಿದ್ರು. ತಪ್ಪು ಮಾಹಿತಿ ಕಂಡ್ರೆ ಒಂದು ಸಲ, ಆಧಾರದ ಜೊತೆ, ಸಣ್ಣದಾಗಿ ಹಾಕಿ ಬಿಡೋದು. ವಾದ ಮಾಡ್ತಿರೋನು ಬದಲಾಗಲ್ಲ, ಸುಮ್ನೆ ಓದ್ಕೊಂಡು ಹೋಗೋ ನಾಲ್ಕು ಜನಕ್ಕೆ ಉಪಯೋಗ ಆಗುತ್ತೆ, ಅವರಿಗೋಸ್ಕರ ಬರೀರಿ ಅಂದೆ. ಅವನು ತಿರುಗಿ ಏನಂದ ಅಂತ ನೋಡೋಕೆ ಹೋಗಬಾರದು, ಆ ಪೋಸ್ಟಿನ ನೋಟಿಫಿಕೇಶನ್ ಆಫ್. "ಸಾಕ್ಷಿ" ಆಲ್ಬಮ್ ಡಿಲೀಟ್ ಮಾಡಿ ಅಂತ ನಾನು ಹೇಳಲಿಲ್ಲ, ಹೆಂಡ್ತಿ ಫೋನಿಗೆ ಕಳಿಸಿ ನಿಮ್ಮದ್ರಿಂದ ತೆಗೀರಿ ಅಂದೆ, ಅದಕ್ಕೆ ಒಪ್ಪೋಕೆ ಮೂರನೇ ಭೇಟಿವರೆಗೆ ಟೈಂ ತಗೊಂಡ್ರು.

ಬಿಇಓ ವಿಷಯ ಬೇರೆ. ಅದು ಮನಸ್ಸಿನ ಸಮಸ್ಯೆ ಅಲ್ಲ, ನಿಜವಾದ ಅಪಾಯ. ಸರ್ಕಾರಿ ನೌಕರರಿಗೆ ನಡತೆ ನಿಯಮಗಳಿವೆ, ಸರ್ಕಾರದ ನೀತಿಯನ್ನ ಸಾರ್ವಜನಿಕವಾಗಿ ಟೀಕೆ ಮಾಡೋದಕ್ಕೆ, ರಾಜಕೀಯದಲ್ಲಿ ಭಾಗವಹಿಸೋದಕ್ಕೆ ಅದರಲ್ಲಿ ತಡೆ ಇದೆ. 66ಎ ಹೋಯ್ತು ಅಂತ ಆ ನಿಯಮ ಹೋಗಲ್ಲ. ನಾನು ವಕೀಲೆ ಅಲ್ಲ, ಹಳೇ ಪೋಸ್ಟ್‌ಗಳನ್ನ ಸೇವಾ ವಿಷಯ ನೋಡೋ ವಕೀಲರಿಗೆ ತೋರಿಸಿ ಅಂದೆ, ತೋರಿಸಿದ್ರು, ಕೆಲವನ್ನ ತೆಗೆದ್ರು. ಇದನ್ನ ಹೆದರಿಕೆಯಿಂದ ಮಾಡ್ತಿದೀನಾ ಅಂತ ಅವರಿಗೆ ಬೇಜಾರಿತ್ತು. ಸ್ವಲ್ಪ ಹೌದು ಅಂದೆ, ಅದಕ್ಕೆ ಸಮಾಧಾನ ಹೇಳೋಕೆ ಹೋಗಲಿಲ್ಲ.

ಹೆಂಡ್ತಿಗೂ ಸಲಹೆ ಇತ್ತು. ಫೋನ್ ಕಿತ್ಕೋಬೇಡಿ, "ನಿಮಗ್ಯಾಕ್ರೀ ಊರ ಉಸಾಬರಿ" ಅನ್ನೋದನ್ನ ಬಿಡಿ. ಆ ಮಾತು ಕೇಳಿದಾಗೆಲ್ಲ ಇವರು ಎದ್ದು ಹೋಗಿ ಫೇಸ್‌ಬುಕ್ ತೆಗೀತಿದ್ರು. ಬೆಳಗ್ಗೆ ಪೇಪರ್ ಓದೋವಾಗ ಹತ್ತು ನಿಮಿಷ ಕೂತು ಕೇಳಿ, ಒಪ್ಪದಿದ್ರೆ ಒಪ್ಪಲ್ಲ ಅನ್ನಿ. ಆಕೆ ಒಪ್ಪಲ್ಲ ಅಂತಲೇ ಜಾಸ್ತಿ ಅಂತಾರಂತೆ, ಮೀಸಲಾತಿ ವಿಷಯದಲ್ಲಿ ಇಬ್ಬರದ್ದೂ ಒಂದೊಂದು ದಾರಿ, ಅಚ್ಚರಿ ಅಂದ್ರೆ ಅದರಿಂದ ಜಗಳ ಆಗಿಲ್ಲ.

ಭಾವನಿಗೆ ಟೈಪ್ ಮಾಡಬೇಡಿ, ಫೋನ್ ಮಾಡಿ, ಮೊದಲ ಸಲ ರಷ್ಯಾ ಎತ್ತಬೇಡಿ ಅಂದಿದ್ದೆ. ಭಾವನ ಮಂಡಿ ಆಪರೇಷನ್ ಆಗಿತ್ತು, ಮೇಷ್ಟ್ರಿಗೆ ಗೊತ್ತೇ ಇರಲಿಲ್ಲ. ಆ ಹುಡುಗಿಗೂ ಫೋನ್ ಮಾಡಿದ್ರು. ಅವಳು "ಪರ್ವಾಗಿಲ್ಲ ಬಿಡಿ ಮಾವ" ಅಂದ್ಲಂತೆ, ಆದ್ರೆ ಗ್ರೂಪಿಗೆ ವಾಪಸ್ ಬರಲ್ಲ ಅಂದ್ಲು. ಅಳಿಯ ಇವರನ್ನ ಮತ್ತೆ ಸೇರಿಸಿದಾನೆ. ನವೆಂಬರ್ 26ರ ಸಂವಿಧಾನ ದಿನಕ್ಕೆ ಮಕ್ಕಳ ಕೈಲಿ ಕೇಶವಾನಂದ ಕೇಸನ್ನ ಅಣಕು ಕೋರ್ಟ್ ಮಾಡಿಸ್ತಿದಾರೆ, ಹದಿಮೂರು ಜನಕ್ಕೆ ಕಪ್ಪು ಕೋಟು ಎಲ್ಲಿಂದ ತರೋದು ಅನ್ನೋದೇ ಈಗಿನ ತಲೆನೋವು.

ನಿಮ್ಮನೇಲಿ ಹೀಗೆ ಇರೋರಿದ್ರೆ, ನಿದ್ದೆ ಊಟ ಕೆಡ್ತಿದ್ರೆ, ಕೆಲಸಕ್ಕೆ ಹೋಗೋಕೆ ಆಗ್ತಿಲ್ಲ ಅಂದ್ರೆ, ಸಿಟ್ಟು ಕೈ ಮೀರ್ತಿದ್ರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮೊಬೈಲ್, ಇಂಟರ್ನೆಟ್ ಬಳಕೆ ಕೈ ಮೀರಿದವರಿಗೆ ಅಂತಲೇ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಶಟ್ ಕ್ಲಿನಿಕ್ ಇದೆ. ಮೇಷ್ಟ್ರಿಗೆ ಅಲ್ಲಿವರೆಗೆ ಹೋಗೋ ಅಗತ್ಯ ಬರಲಿಲ್ಲ. ಫಾಲೋಅಪ್ ಇನ್ನೂ ನಡೀತಿದೆ, ಬಿಪಿ ಮಾತ್ರೆ ಡಾಕ್ಟರ್ರು ನಿಲ್ಲಿಸಿಲ್ಲ.