ಹೋಟೆಲ್ ರೂಮಿನಲ್ಲಿ ಮೂರು ವರ್ಷದ ಮಗುವಿಗೆ ಬಣ್ಣದಾಟ ಆಡಿಸಬಹುದೇ? ಕ್ಲೀನ್ ಮಾಡುವುದು ಹೇಗೆ?

ಆಡಿಸಬಹುದು, ಆದರೆ ಬಾತ್‌ರೂಮಿನಲ್ಲಿ. ಮಡಿಕೇರಿಯ ಜುಲೈ ಮಳೆಗೆ ಎರಡು ದಿನ ಒಳಗೇ ಕೂತಾಗ ನಾವು ಕಲಿತದ್ದು ಇದು. ಟೈಲ್ಸ್ ಮೇಲೆ ಚೆಲ್ಲಿದ್ದು ಒಂದು ಮಗ್ ನೀರಿಗೆ ಹೋಗುತ್ತದೆ, ಕಾರ್ಪೆಟ್ ಮೇಲೆ ಚೆಲ್ಲಿದ್ದು ಬಿಲ್ಲಿಗೆ ಸೇರಬಹುದು. ನೆಲ ಜಾರುತ್ತದೆ, ಹಾಗಾಗಿ ನೀವೂ ಪಕ್ಕದಲ್ಲೇ ಕೂತಿರಿ.

ಮನೆಯಿಂದ ಒಂದು ಪ್ಲಾಸ್ಟಿಕ್ ಶೀಟು, ಹಳೇ ಪಂಚೆಯ ಎರಡು ತುಂಡು ತನ್ನಿ. ಹೋಟೆಲ್ಲಿನ ಬಿಳಿ ಟವೆಲ್ ಮಾತ್ರ ಮುಟ್ಟಬೇಡಿ. ನೀರಲ್ಲಿ ತೊಳೆದರೆ ಹೋಗುವ ಬಣ್ಣವನ್ನೇ ಕೊಳ್ಳಿ. ಅಕ್ರಿಲಿಕ್ ಒಣಗಿದರೆ ಬಟ್ಟೆ ಬಿಡುವುದಿಲ್ಲ.

ಮನೆಯದ್ದೇ ಬಣ್ಣ ಅಂತ ಕಾರ್ನ್‌ಫ್ಲೋರಿಗೆ ಅರಿಶಿನ ಕಲಸುವವರಿದ್ದಾರೆ. ಬೇಡ. ಅರಿಶಿನದ ಕಲೆಗೆ ಬಟ್ಟೆ ಸೋಪು ಹಚ್ಚಿದರೆ ಕೆಂಪಾಗಿಬಿಡುತ್ತದೆ. ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ಕರ್ಕ್ಯುಮಿನ್, ಸೋಪಿನ ಕ್ಷಾರ ತಾಗಿದರೆ ಬಣ್ಣ ಬದಲಿಸುತ್ತದೆ. ಅರಿಶಿನಕ್ಕೆ ಸುಣ್ಣ ಬೆರೆಸಿ ಆರತಿಗೆ ಕೆಂಪು ನೀರು ಮಾಡುತ್ತೇವಲ್ಲ, ಅದೇ ಗುಟ್ಟು. ತೊಳೆದು ಬಿಸಿಲಿಗೆ ಹಾಕಿದರೆ ಮಾಸುತ್ತದೆ. ಆದರೆ ಮಳೆಗಾಲದ ಮಡಿಕೇರಿಯಲ್ಲಿ ಬಿಸಿಲು ಎಲ್ಲಿಂದ ತರೋಣ?

ಬೆಡ್‌ಶೀಟಿಗೆ ಬಣ್ಣ ತಾಗಿದರೆ ಉಜ್ಜಬೇಡಿ. ತಣ್ಣೀರಲ್ಲಿ ಅದ್ದಿದ ಬಟ್ಟೆಯಿಂದ ಅಂಚಿನಿಂದ ಒಳಕ್ಕೆ ಒತ್ತುತ್ತಾ ಬನ್ನಿ. ಕಾರ್ನ್‌ಫ್ಲೋರ್ ಅಂಟಿದ್ದರೆ ಒಣಗಲು ಬಿಡಿ, ಪುಡಿಯಾಗಿ ಉದುರುತ್ತದೆ. ಉಳಿದ ಗಟ್ಟಿ ಹಿಟ್ಟನ್ನು ಕಸದ ಬುಟ್ಟಿಗೆ ಹಾಕಿ. ಮೋರಿಗೆ ಸುರಿದರೆ ಕಟ್ಟಿಕೊಳ್ಳಬಹುದು.

ಕಲೆ ಉಳಿದರೆ ಸುಮ್ನೆ ಬಚ್ಚಿಡಬೇಡಿ. ಏನು ಬಣ್ಣ ಅಂತ ಹೌಸ್‌ಕೀಪಿಂಗ್‌ನವರಿಗೆ ಹೇಳಿ, ಒಗೆಯುವವರಿಗೆ ಸುಲಭವಾಗುತ್ತದೆ.